ಬಾಗಿಲಿಗೆ ಬಣ್ಣ ತಾಗಬಾರದು

ಆರ್ವಿಲ್ ಸ್ಟ್ಯಾಂಪರನ ಕಾರಿಗೆ ಜಿಂಕೆ ಗುದ್ದಿದ್ದು ಹೋದ ಅಕ್ಟೋಬರಿನಲ್ಲಿ. ನಮ್ಮ ಮಿಶಿಗನ್ ಜಿಂಕೆಗಳಿಗೆ ರಸ್ತೆ ಕಂಡರೆ ಅದೇನು ಪ್ರೀತಿಯೋ! ಎಡಗಡೆಯ ಮಡ್‌ಗಾರ್ಡು ಮುದುರಿ ಹೋಯಿತು, ಬಾನೆಟ್ಟು ಮಡಚಿಕೊಂಡಿತು. ಬೇರೆ ಯಾರ ಕಾರಾಗಿದ್ದರೂ ಒಂದು ವಾರದ ಕೆಲಸ. ಇದು 1970ರ ಶೆವೆಲ್. ಬೆಳ್ಳಿಪುಡಿ ಬೆರೆಸಿದ ಕಾಡುಹಸಿರು, ಅದೂ ಕಾರ್ಖಾನೆಯಲ್ಲಿ ಹೊಡೆದಿದ್ದೇ ಇನ್ನೂ ಮೈಮೇಲಿದೆ. ಆರ್ವಿಲ್ಲನ ಅಣ್ಣ ಹೊಸದಾಗಿ ಕೊಂಡಿದ್ದ ಕಾರು. ಅವನು ತೀರಿಕೊಂಡ ಮೇಲೆ ಇವನಿಗೆ ಬಂತು.

"ಬಾಗಿಲಿಗೆ ಒಂದು ಹನಿ ಬಣ್ಣ ತಾಗಿದ್ರೂ ನಾನು ಸುಮ್ನಿರಲ್ಲ ನೋಡು ಲೊರೇನ್," ಅಂದ ಆರ್ವಿಲ್. "ಆ ಬಣ್ಣ ನಮ್ಮಣ್ಣ ಒರೆಸಿ ಒರೆಸಿ ಇಟ್ಟಿದ್ದು."

"ನಿನ್ನ ಬಾಗಿಲು ನೀನೇ ಇಟ್ಕೋ, ಯಾರಿಗೆ ಬೇಕಾಗಿದೆ," ಅಂದೆ. ಬಾಯಲ್ಲಿ ಹಾಗೆಂದೆನೇ ಹೊರತು ಆ ಷರತ್ತು ನನಗೆ ಬೇಡವಾಗಿತ್ತು.

ಯಾಕೆಂದರೆ ಬಣ್ಣ ಹೊಡೆಯುವವರೆಲ್ಲ ಒಂದು ಸಣ್ಣ ಮೋಸ ಮಾಡುತ್ತೇವೆ. ಹೊಸ ಮಡ್‌ಗಾರ್ಡಿನ ಬಣ್ಣವನ್ನು ಪಕ್ಕದ ಬಾಗಿಲಿನ ಮೇಲೂ ತೆಳ್ಳಗೆ ಹರಡಿಬಿಡುತ್ತೇವೆ. ಆಗ ಎಲ್ಲಿ ಹೊಸದು ಮುಗಿಯಿತು, ಎಲ್ಲಿ ಹಳೆಯದು ಶುರುವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಆರ್ವಿಲ್ ಆ ದಾರಿ ಮುಚ್ಚಿದ್ದ. ಐವತ್ತೈದು ವರ್ಷ ಬಿಸಿಲು ತಿಂದ ಬಾಗಿಲು ಒಂದು ಕಡೆ, ನನ್ನ ಬಣ್ಣ ಇನ್ನೊಂದು ಕಡೆ, ನಡುವೆ ಕಿರುಬೆರಳು ಹೋಗದಷ್ಟು ಸಂದು. ಒಂದು ಕೂದಲೆಳೆ ವ್ಯತ್ಯಾಸವಾದರೂ ಎದ್ದು ಕಾಣುತ್ತದೆ.

ಅದಕ್ಕೂ ಒಂದು ವರ್ಷ ಹಿಂದೆಯಾಗಿದ್ದರೆ ನಾನು ನಿದ್ದೆಗೆಡುತ್ತಿರಲಿಲ್ಲ. ಲೀಲ್ಯಾಂಡನ ಗ್ಯಾರೇಜಿನಲ್ಲಿ ಮೂವತ್ತೊಂದು ವರ್ಷದಿಂದ ಬಣ್ಣ ಬೆರೆಸುವುದು ನಾನೇ. ಬಣ್ಣ ಅಳೆಯುವ ಯಂತ್ರ ಒಂದಿದೆ. ನಾನದನ್ನು ಥರ್ಮಾಮೀಟರ್ ಅಂತ ಆಡಿಕೊಳ್ಳುತ್ತೇನೆ. ಹಳೆಯ ಬೆಳ್ಳಿಪುಡಿ ಬಣ್ಣದ ಮುಂದೆ ಅದು ತಬ್ಬಿಬ್ಬಾಗುತ್ತದೆ. ಲೀಲ್ಯಾಂಡನ ಅಪ್ಪ ಬದುಕಿದ್ದಾಗ ಒಮ್ಮೆ, "ಇದು ಸ್ವಲ್ಪ ಕೆಂಪಾಯ್ತೇನೋ," ಅಂದಿದ್ದ. ನಾನು ಡಬ್ಬಿಯ ಮುಚ್ಚಳ ಎಸೆದೆ. ಅದು ನೇರ ಹೋಗಿ ಅವನ ಕಾಫಿಯಲ್ಲಿ ಬಿತ್ತು. ಅಂದಿನಿಂದ ನನ್ನ ಬಣ್ಣದ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ. ಈ ಕತೆಯನ್ನು ನಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಜಿಂಕೆ ಗುದ್ದುವ ಮೊದಲೇ, ಆ ವರ್ಷದ ಏಪ್ರಿಲ್‌ನಲ್ಲಿ, ನನ್ನ ಅಡುಗೆಮನೆಯ ಬಿಳಿ ತಟ್ಟೆಗಳೆಲ್ಲ ಹಳೆಯ ಪೇಪರಿನ ಹಾಗೆ ಕಾಣತೊಡಗಿದವು. ಸೋಪು ಸರಿಯಿಲ್ಲ ಎಂದು ಬೈದುಕೊಂಡು ಬೇರೆ ಸೋಪು ತಂದೆ. ಆಮೇಲೊಂದು ದಿನ ಔಷಧಿ ಅಂಗಡಿಯಲ್ಲಿ ಕಣ್ಣಿನ ಪೊರೆಯ ಬಗ್ಗೆ ಒಂದು ಹಾಳೆ ಸಿಕ್ಕಿತು. ಎಲ್ಲವೂ ಹಳದಿಯಾಗಿ ಕಾಣಬಹುದು, ನೀಲಿ ಸರಿಯಾಗಿ ಗೊತ್ತಾಗದೆ ಹೋಗಬಹುದು ಎಂದು ಬರೆದಿತ್ತು. ಓದಿ, ಹರಿದು, ಕಸದ ಬುಟ್ಟಿಗೆ ಹಾಕಿದೆ. ಆಪರೇಷನ್ನಿಗೆ ಅರ್ಧ ಗಂಟೆ ಸಾಕಂತೆ, ಅದಕ್ಕೆ ನಾನು ಹೆದರಲಿಲ್ಲ. ಲೀಲ್ಯಾಂಡನಿಗೆ ಗೊತ್ತಾಗುವುದಕ್ಕೆ ಹೆದರಿದೆ. ಬಣ್ಣದ ಡಬ್ಬಿ ಥರ್ಮಾಮೀಟರಿನ ಪಾಲಾಗಿ, ನನ್ನ ಕೈಗೆ ತುಕ್ಕು ಉಜ್ಜುವ ಎಮರಿ ಪೇಪರು ಬರುತ್ತದೆ ಎಂದು ಹೆದರಿದೆ.

ಬದಲಿ ಮಡ್‌ಗಾರ್ಡು ಹುಡುಕುವುದರಲ್ಲೇ ಚಳಿಗಾಲ ಕಳೆಯಿತು. ಮೊದಲು ತರಿಸಿದ ಹೊಸದು ಬಾಗಿಲಿಗೆ ಹೊಂದಲೇ ಇಲ್ಲ. ಮೇಲೆ ಬಾಯಿ ಬಿಟ್ಟರೆ ಕೆಳಗೆ ಕಚ್ಚುತ್ತಿತ್ತು. ಕೊನೆಗೆ ಒಹಾಯೊದ ಒಂದು ಕೊಟ್ಟಿಗೆಯಲ್ಲಿ ಹಳೆಯ ಮಡ್‌ಗಾರ್ಡು, ಬಾನೆಟ್ಟು ಎರಡೂ ಸಿಕ್ಕವು. ತುಕ್ಕು ಕೆರೆದು, ನೆಗ್ಗು ಎತ್ತಿ, ಪ್ರೈಮರ್ ಹೊಡೆದು, ಕಾರಿಗೇ ಕೂರಿಸಿದೆ. ಬೆಳ್ಳಿಪುಡಿ ಬಣ್ಣವನ್ನು ಮಡ್‌ಗಾರ್ಡು ಮಲಗಿಸಿಕೊಂಡು ಹೊಡೆದರೆ ಪುಡಿ ಬೇರೆ ರೀತಿ ಕೂರುತ್ತದೆ, ಬಣ್ಣವೇ ಬೇರೆಯಾಗಿ ಕಾಣುತ್ತದೆ. ಇಷ್ಟೆಲ್ಲ ಕೈಗೆ ಗೊತ್ತಿರುವ ಕೆಲಸ, ಮಾಡಿದೆ.

ಆಮೇಲೆ ಬೆರೆಸಲು ಕೂತೆ. ಒಂದೊಂದು ಸಲ ಬೆರೆಸಿದಾಗಲೂ ಒಂದು ಕಾರ್ಡಿಗೆ ಹೊಡೆದು, ಒಣಗಿಸಿ, ಬಾಗಿಲಿಗೆ ಹಿಡಿದು ನೋಡಬೇಕು. ಒಂದಿಷ್ಟು ನೀಲಿ ಹಾಕಿದೆ, ಏನೂ ಬದಲಾಗಲಿಲ್ಲ. ಇನ್ನೊಂದಿಷ್ಟು ಹಾಕಿದೆ. ಆಗಲೂ ಅಷ್ಟೇ. ಬಿಸಿಲಿಗೆ ಹೋದೆ, ನೆರಳಿಗೆ ಬಂದೆ, ಟ್ಯೂಬ್‌ಲೈಟನ್ನು ಬೈದೆ. ಮೂರನೆಯ ಸಲ ಹಾಕಿದ ಮೇಲೆ ಕಾರ್ಡು ಬಾಗಿಲಿಗೆ ಹೊಂದಿಕೊಂಡ ಹಾಗೆ ಕಂಡಿತು. ಕಂಡಿತೋ, ಕಾಣಲಿ ಎಂದು ನಾನೇ ಬಯಸಿದೆನೋ, ದೇವರಿಗೇ ಗೊತ್ತು.

ಲೀಲ್ಯಾಂಡ್ ಬಂದು ಹಿಂದೆ ನಿಂತಿದ್ದ.

"ಹೇಗಿದೆ?" ಅಂದೆ. ನಾನು ಯಾರನ್ನೂ ಹಾಗೆ ಕೇಳಿದವಳಲ್ಲ.

ಅವನು ಕಾರ್ಡು ನೋಡಿದ, ಬಾಗಿಲು ನೋಡಿದ, ನನ್ನ ಮುಖ ನೋಡಿದ. "ನೀನು ಸರಿ ಅಂದ್ರೆ ಸರಿ."

"ನಾನು ಕೇಳಿದ್ದು ನಿನ್ನ."

"ನಂದೂ ಒಂದು ಕಣ್ಣಾ ಲೊರೇನ್? ಗೋಲಿ ಅದು, ಗೋಲಿ," ಎಂದು ನಕ್ಕು ಹೋದ. ನಾನೂ ನಕ್ಕೆ. ಅಷ್ಟು ಸಮಾಧಾನವಾಯಿತು ನನಗೆ.

ಬಾಗಿಲಿಗೆ ಮೂರು ಸುತ್ತು ಕಾಗದ ಅಂಟಿಸಿ ಬಣ್ಣ ಹೊಡೆದೆ. ಒಂದು ಕಡೆಯೂ ಸೋರಲಿಲ್ಲ, ಮೇಲಿನ ಹೊಳಪು ಲ್ಯಾಕರ್ ಕನ್ನಡಿಯಂತೆ ಕೂತಿತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾರನ್ನು ಅಂಗಳಕ್ಕೆ ತಳ್ಳಿದೆವು. ಆರ್ವಿಲ್ ಹೆಂಡತಿ ಇಮೊಜೀನಳನ್ನೂ ಕರೆದುಕೊಂಡು ಬಂದ. ಆಕೆ ನಮಗೆಂದು ಹಣ್ಣಿನ ಸಿಹಿ ಪೈ ಮಾಡಿ ತಂದಿದ್ದಳು. ಆರ್ವಿಲ್ ಕಾರಿಗೆ ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಚೆನ್ನಾಗಿದೆ," ಅಂದ. ಅಂದಿದ್ದು ಟೈರಿನ ಕಡೆ ನೋಡಿಕೊಂಡು.

"ಈ ಕಡೆ ಯಾಕೆ ನೀಲಿ ಬಂದಿದೆ?" ಅಂದಳು ಇಮೊಜೀನ್.

"ಇಮೊಜೀನ್, ಸುಮ್ನಿರು," ಅಂದ ಆರ್ವಿಲ್.

ಆ ಮಾತು ನನ್ನ ಎದೆಗೆ ಒದ್ದ ಹಾಗಾಯಿತು. ಎಲ್ಲಿದೆ ನೀಲಿ, ನಿನಗೆಲ್ಲೋ ಭ್ರಮೆ, ಅಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸುಮ್ಮನಿರು ಅಂದ.

"ಯಾಕೆ ಸುಮ್ನಿರ್ಲಿ? ಬಾಗಿಲು ಹಸಿರು, ಮುಂದಿಂದು ನೀಲಿ. ನಿಂಗೂ ಕಾಣ್ತಿದೆ ತಾನೇ?"

ನಾನು ಲೀಲ್ಯಾಂಡನ ಕಡೆ ತಿರುಗಿದೆ. ಅವನು ಶುಭ್ರವಾಗಿದ್ದ ಕೈಯನ್ನೇ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಿದ್ದ.

"ನಿಂಗೂ ಕಂಡಿತ್ತಾ?"

"ಕಾರ್ಡಲ್ಲೇ ಕಂಡಿತ್ತು."

"ಮತ್ತೆ ಬಾಯಲ್ಲಿ ಏನು ತುರುಕ್ಕೊಂಡಿದ್ದೆ?"

"ನಿಂಗೆ ಸರಿ ಕಂಡ ಮೇಲೆ ನನ್ನ ಕಣ್ಣೇ ಕೆಟ್ಟಿರಬೇಕು ಅಂದ್ಕೊಂಡೆ. ಅಲ್ಲದೆ ಮುಚ್ಚಳ ಎಸೆಸ್ಕೊಳ್ಳೋಕೆ ಯಾರಿಗೆ ಧೈರ್ಯ ಇದೆ ಹೇಳು?"

ಸಿಟ್ಟು ಬಂತು. ಅವನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಅಂಗಳದಲ್ಲಿದ್ದ ಎಲ್ಲರಿಗೂ ಕಂಡಿತ್ತು, ನನಗೊಬ್ಬಳಿಗೆ ಕಂಡಿರಲಿಲ್ಲ. ಬಿಸಿಲು ಹಾಗಿದೆ, ಲ್ಯಾಕರ್ ಪೂರ್ತಿ ಒಣಗಲಿ, ಒಂದು ವಾರ ಬಿಡಿ, ಎಂಬ ಸುಳ್ಳುಗಳು ಸಾಲಾಗಿ ನಾಲಿಗೆಯ ತುದಿಗೆ ಬಂದವು. ಮೂರೂ ಜನ ನಂಬುತ್ತಿದ್ದರು. ಅದನ್ನು ನೆನೆದೇ ನನಗೆ ನಾಚಿಕೆಯಾಯಿತು.

"ನಂಗೆ ಕಾಣ್ತಿಲ್ಲ," ಅಂದೆ.

"ಏನು?" ಅಂದ ಆರ್ವಿಲ್.

"ನೀಲಿ. ಕಣ್ಣಿಗೆ ಪೊರೆ ಬಂದಿದೆ. ಹೋದ ವರ್ಷ ಏಪ್ರಿಲ್‌ನಿಂದ ಮುಚ್ಚಿಟ್ಕೊಂಡಿದ್ದೀನಿ."

ಆರ್ವಿಲ್ ಬಗ್ಗಿ ಬಾಗಿಲಿನ ಅಂಚನ್ನು ಉದ್ದಕ್ಕೂ ಬೆರಳಲ್ಲಿ ಸವರಿದ.

"ಇದಕ್ಕೆ ತಾಗಿಲ್ಲ ತಾನೇ?"

"ಇಲ್ಲ. ಒಂದು ಹನೀನೂ ಇಲ್ಲ."

"ಹಾಗಾದ್ರೆ ಏನೂ ಹಾಳಾಗಿಲ್ಲ. ಇನ್ನೊಂದ್ಸಲ ಹೊಡಿ."

"ಆರ್ವಿಲ್, ಲೀಲ್ಯಾಂಡ್ ಹತ್ರ ಯಂತ್ರ—"

"ನೀನೇ ಹೊಡಿ ಮಾರಾಯ್ತಿ. ನೋಡೋಕೆ ಇವಳನ್ನ ಬಿಟ್ಟು ಹೋಗ್ತೀನಿ. ನನ್ನ ಅಂಗಿ ಮೇಲಿನ ಸಾಸಿವೆ ಕಲೆ ಮೂರು ಮೈಲಿಯಿಂದ ಕಾಣುತ್ತೆ ಇವಳಿಗೆ."

ಇಮೊಜೀನ್ ಬಕೆಟ್ಟು ಬೋರಲು ಹಾಕಿ ಬಾಗಿಲಿನ ಪಕ್ಕ ಕೂತಳು. ನಾನು ಹೊಸ ಡಬ್ಬಿ ತೆರೆದು ಬೆರೆಸತೊಡಗಿದೆ. ಮೊದಲ ಕಾರ್ಡು ಹಿಡಿದೆ.

"ಇನ್ನೂ ನೀಲಿ," ಅಂದಳು.

ಎರಡನೆಯದು. "ಉಹುಂ."

ಮೂರನೆಯದನ್ನು ಹಿಡಿದೆ. "ಹತ್ರ ಬಂದಿದೆ ಕಣೆ. ಆದ್ರೆ ಇದಲ್ಲ," ಅಂದಳು.

ನಾಲ್ಕನೆಯದನ್ನು ಹಿಡಿದಾಗ ಬಕೆಟ್ಟಿನಿಂದ ಎದ್ದು ಹಿಂದೆ ಸರಿದು ನೋಡಿದಳು, ಪಕ್ಕಕ್ಕೆ ಹೋಗಿ ನೋಡಿದಳು. "ಇದೇ," ಅಂದಳು. ಲೀಲ್ಯಾಂಡನೂ ಬಂದು ನೋಡಿ, ಈ ಸಲ ಧೈರ್ಯವಾಗಿ, "ಹೌದು, ಇದೇ," ಅಂದ.

ಅವರು ಪೈ ತಿನ್ನಲು ಒಳಗೆ ಹೋದ ಮೇಲೆ ನಾನು ನಾಲ್ಕೂ ಕಾರ್ಡುಗಳನ್ನು ಸಾಲಾಗಿ ಬಿಸಿಲಿಗೆ ಹಿಡಿದೆ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ನನಗೆ ನಾಲ್ಕೂ ಒಂದೇ ಥರ ಕಂಡವು.