ಮೂವತ್ತೊಂದನೇ ಪುಟದ ಗುರುತು

ಹಿಮ ಕರಗಿ ರಸ್ತೆ ಬಿಟ್ಟುಕೊಟ್ಟ ಮೊದಲ ಮಂಗಳವಾರ ಅದು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಫೆಬ್ರವರಿ ಕೊನೆ, ಬೆಳಗಿನ ಹನ್ನೊಂದು ಹೊಡೆಯಲು ಇನ್ನೂ ಐದು ನಿಮಿಷ. ಹಾರ್ಕ್‌ಬೆಕ್ ಹಳ್ಳಿಯ ಸೇತುವೆಯ ಹತ್ತಿರ ನಿಂತಿದ್ದ ಸಂಚಾರಿ ಗ್ರಂಥಾಲಯದ ವ್ಯಾನಿನೊಳಗೆ ಮಿಸ್ ಆಲ್ಡರ್ಸನ್ ಒಂದಾದ ಮೇಲೊಂದು ಪುಸ್ತಕ ತೆಗೆದು, ಮೂವತ್ತೊಂದನೇ ಪುಟ ಬಿಡಿಸಿ, ಪುಟದ ಸಂಖ್ಯೆಯ ಮೇಲೆ ಭೂತಗನ್ನಡಿ ಹಿಡಿದು ನೋಡಿ ಮುಚ್ಚುತ್ತಿದ್ದರು. ಒಂಬತ್ತನೆಯದನ್ನೂ ಮುಚ್ಚಿ ತಲೆ ಎತ್ತಿದರು.

"ಹೆಡ್ಲಿ, ನನ್ನ ಗೆರೆ ಎಲ್ಲೋ?"

ವ್ಯಾನು ಓಡಿಸುವವನೂ, ಪುಸ್ತಕಕ್ಕೆ ತಾರೀಖಿನ ಮುದ್ರೆ ಒತ್ತುವವನೂ ಹೆಡ್ಲಿ ಮೆಟ್ಕಾಫನೇ. "ಯಾವ ಗೆರೆ, ಮಿಸ್ ಆಲ್ಡರ್ಸನ್?" ಅಂದ.

"ಮೂವತ್ತೊಂದರ ಕೆಳಗೆ. ಪೆನ್ಸಿಲ್‌ದು. ಹನ್ನೆರಡು ವರ್ಷದಿಂದ ಎಳೀತಾ ಬಂದಿದೀನಿ, ಓದಿ ಮುಗಿಸಿದ್ದಕ್ಕೆಲ್ಲ."

ಹಿಂದೆ ನಿಂತಿದ್ದ ಮಿಸೆಸ್ ಪೀಕಾಕ್ ತಾನೂ ಒಂದು ಪುಸ್ತಕ ತೆಗೆದು ಐವತ್ತನೇ ಪುಟ ನೋಡಿದಳು. "ನನ್ನ ಸೊನ್ನೆನೂ ಇಲ್ಲ," ಅಂದಳು.

ಹೆಡ್ಲಿಗೆ ಆಗಲೂ ತಲೆಗೆ ಹೋಗಲಿಲ್ಲ. ಐದು ವಾರ ಹಿಮ ಬಿದ್ದು ವ್ಯಾನು ಕೊಟ್ಟಿಗೆಯಲ್ಲೇ ನಿಂತಿತ್ತು. ಅವನೋ ಸುಮ್ಮನೆ ಕೂರುವ ಜಾತಿಯವನಲ್ಲ. ಮೂವತ್ತು ವರ್ಷ ಕಲ್ಲು ಗಣಿಯಲ್ಲಿ ಸುತ್ತಿಗೆ ಹಿಡಿದ ಕೈ. ಗಣಿ ಮುಚ್ಚಿದ ಮೇಲೆ ಆ ಕೈಗೆ ಏನಾದರೊಂದು ಬೇಕೇ ಬೇಕು. ಚಕ್ರ ತೊಳೆದ, ಕಪಾಟಿಗೆ ಎಣ್ಣೆ ಹಚ್ಚಿದ. ಮಾಡಲು ಏನೂ ಉಳಿಯದೆ ಪುಸ್ತಕ ಬಿಡಿಸಿದರೆ ಒಳಗೆಲ್ಲ ಪೆನ್ಸಿಲ್ ಗೀಚು. ಗೆರೆ, ಸೊನ್ನೆ, ನಕ್ಷತ್ರ. ಮಕ್ಕಳ ಕೆಲಸ ಅಂದುಕೊಂಡ.

"ನಾನೇ ಉಜ್ಜಿದೆ," ಅಂದ, ಸ್ವಲ್ಪ ಹೆಮ್ಮೆಯಿಂದಲೇ. "ಎಲ್ಲದನ್ನೂ. ತೊಂಬತ್ತು ಪುಸ್ತಕ. ಮೂರು ರಬ್ಬರು ಸವೆದುಹೋದವು."

ಮಿಸೆಸ್ ಪೀಕಾಕ್ ಪುಸ್ತಕ ಮುಚ್ಚಿದಳು. ಹೊರಗೆ ಛಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಲೋ ಮಗನೇ," ಅಂದರು ಮಿಸ್ ಆಲ್ಡರ್ಸನ್, ಮೆಲ್ಲಗೆ. "ಇವುಗಳ ರಟ್ಟು ನೋಡು. ಎಲ್ಲ ಒಂದೇ. ಒಂದು ಟೋಪಿ, ಒಂದು ಕುದುರೆ ಗಾಡಿ, ಹಿಂದೊಂದು ದೊಡ್ಡ ಮನೆ. ಒಳಗೆ ಹೋದ್ರೂ ಅರವತ್ತು ಪುಟ ದಾಟೋ ತನಕ ಇದು ಓದಿದ್ದೋ ಅಲ್ವೋ ಗೊತ್ತಾಗಲ್ಲ. ಅರವತ್ತು ಪುಟಕ್ಕೆ ನನಗೀಗ ನಾಕು ದಿನ ಬೇಕು. ನೋಟದ ನಡುಮಧ್ಯ ಹೋಗ್ತಾ ಇದೆ ಅಂದಿದಾರೆ ಡಾಕ್ಟ್ರು. ಬೇಸಿಗೆ ತನಕ ಅಕ್ಷರ ಕಾಣುತ್ತಂತೆ. ಆಮೇಲೆ ಇಲ್ಲ."

ಕೈಯಲ್ಲಿದ್ದ ಪುಸ್ತಕವನ್ನು ಕಪಾಟಿನಲ್ಲಿ ಸೇರಿಸಿ, ಕಂಬಿ ಹಿಡಿದು ಮೆಟ್ಟಿಲಿಳಿದು, ಬರಿಗೈಯಲ್ಲಿ ಮನೆಗೆ ಹೋದರು.

ಮುಂದೆ ಹೆಂಗಸಿನ ಹೆಸರು ಇಟ್ಟುಕೊಂಡು ಹದಿಮೂರು ಪ್ರೇಮಕಾದಂಬರಿ ಬರೆದವನು ಈ ಹೆಡ್ಲಿಯೇ. 'ಹೆಡ್ಲಿ ಮೆಟ್ಕಾಫ್ ಅಂದರೆ ಕಲ್ಲು ಮಾರುವವನ ಹೆಸರಿನ ಹಾಗಿದೆ' ಎಂದು ಲಂಡನ್ನಿನ ಪ್ರಕಾಶಕರೇ ಆ ಹೆಸರು ಹುಡುಕಿ ಕೊಟ್ಟರು. ಆದರೆ ಆ ಮಂಗಳವಾರದವರೆಗೆ ಅವನು ಒಂದು ಪುಸ್ತಕವನ್ನೂ ಮೊದಲಿಂದ ಕೊನೆತನಕ ಓದಿದವನಲ್ಲ.

ಅಂದು ಸಂಜೆ ಅವನ ಕೈಯಲ್ಲಿ ಪುಸ್ತಕ ಕಂಡು ಹೆಂಡತಿ ಮಿರಿಯಮ್ ಬಟಾಟೆ ಸುಲಿಯುವುದನ್ನೇ ನಿಲ್ಲಿಸಿದಳು. "ಏನ್ರೀ ಇದು?"

"ಇದ್ಯಾವ ಕಥೆ ಅಂತ ಆ ಮುದುಕಿಗೆ ಹೇಳ್ಬೇಕು. ಹೇಳಿದ್ರೆ ಓದಿದ್ದೋ ಅಲ್ವೋ ಅವರಿಗೇ ನೆನಪಾಗುತ್ತೆ."

"ತೊಂಬತ್ತನ್ನೂ ಓದ್ತೀರಾ?"

"ಉಜ್ಜಿದ್ದು ತೊಂಬತ್ತು ತಾನೆ."

ಕೂತು ಓದಲು ಆಗಲಿಲ್ಲ. ನಿಂತು ಓದಿದ. ಅಡುಗೆಮನೆಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ತಿರುಗುತ್ತ ಓದಿದ. ಒಂದು ಹಳ್ಳಿಗೂ ಮತ್ತೊಂದಕ್ಕೂ ನಡುವೆ ವ್ಯಾನು ನಿಲ್ಲಿಸಿ, ಮುದ್ರೆ ಒತ್ತುವ ಮೇಜಿಗೆ ಮೊಳಕೈ ಊರಿ ಓದಿದ. ಡ್ಯೂಕರು, ಬಡ ಪಾದ್ರಿಯ ಹೆಣ್ಣುಮಕ್ಕಳು, ಕಳೆದುಹೋದ ಉಯಿಲುಗಳು. ಮೊದಮೊದಲು ನಗು ಬಂತು. ಇಪ್ಪತ್ತನೆಯದರ ಹೊತ್ತಿಗೆ ಯಾವ ಡ್ಯೂಕ್ ಒಳ್ಳೆಯವನು, ಯಾವನು ಬರೀ ಬಾಯಿಮಾತಿನವನು ಎಂದು ಮೂರನೇ ಪುಟಕ್ಕೇ ತಿಳಿಯತೊಡಗಿತು. ಒಂದು ದಿನ ಒಬ್ಬ ದಾದಿಯ ಕಷ್ಟ ಓದುತ್ತ ಸ್ಟವ್ ಮೇಲಿಟ್ಟ ಹಾಲು ಉಕ್ಕಿಸಿಬಿಟ್ಟ.

ಹದಿನೈದು ದಿನಕ್ಕೊಮ್ಮೆ, ಮಂಗಳವಾರ, ಮಿಸ್ ಆಲ್ಡರ್ಸನ್ ಮನೆಯ ಬಾಗಿಲಲ್ಲಿ ನಿಂತು ಒಪ್ಪಿಸುತ್ತಿದ್ದ.

"ಅಂಗಡಿಯವನ ಮಗಳು, ಅತ್ತೆ ಮನೆಗೆ ಹೋಗ್ತಾ ಗಾಡಿ ಚಕ್ರ ಮುರಿಯುತ್ತೆ—"

"ಓದಿದೀನಿ. ಅವನು ಕುಂಟ."

"ಕುರುಡು ತಾತ, ಇಬ್ಬರು ಮೊಮ್ಮಕ್ಕಳು, ಮುತ್ತಿನ ಸರ—"

"ಓದಿದೀನಿ. ಸರ ಬಾವೀಲಿರುತ್ತೆ."

"ಹಡಗಿನ ನಾಯಕ, ವಿಧವೆ, ಅವಳ ನಾಲ್ಕು ಬಾತುಕೋಳಿ—"

ಮುದುಕಿ ಕೈ ಎತ್ತಿ ತಡೆದರು. "ಬಾತುಕೋಳಿ ನಂಗೊತ್ತಿಲ್ಲ. ಕೊಡು. ಕೊನೇಲಿ ಏನಾಗುತ್ತೆ ಅಂತ ಬಾಯಿ ಬಿಟ್ರೆ ಕೊಡೆಲಿ ಹೊಡೀತೀನಿ."

ಹೀಗೆ ಮಾರ್ಚ್ ಮುಗಿಯಿತು. ತೊಂಬತ್ತರಲ್ಲಿ ಅವರು ಓದದೆ ಉಳಿದಿದ್ದವು ಏಳೇ ಏಳು. ಅವುಗಳಲ್ಲಿ ಎರಡನ್ನು ಅವರು ಅರ್ಧಕ್ಕೇ ಹಿಂದಿರುಗಿಸಿದರು. ಮಲಗುವ ಕೋಣೆಯ ಒಳಗೆ ಹೋಗುವ ಪುಸ್ತಕ ಅವರಿಗೆ ಆಗುತ್ತಿರಲಿಲ್ಲ. "ಅಲ್ಲಿ ನಡೆಯೋದು ಅವರ ಪಾಡು. ಅದನ್ನ ನೋಡೋಕೆ ನನ್ನನ್ಯಾಕೆ ಕರೀಬೇಕು?" ಅಂದಿದ್ದರು.

ಏಪ್ರಿಲ್ ಹತ್ತನೇ ತಾರೀಖು ಬಾಗಿಲಲ್ಲಿ ನಿಂತಾಗ ಹೆಡ್ಲಿಯ ಹತ್ತಿರ ಹೇಳಲು ಒಂದೂ ಉಳಿದಿರಲಿಲ್ಲ. ಮಿಸ್ ಆಲ್ಡರ್ಸನ್ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಅವನನ್ನು ನೋಡುತ್ತ ಕಾದರು. ಈಚೆಗೆ ಅವರು ಎಲ್ಲವನ್ನೂ ಹಾಗೇ ನೋಡುತ್ತಿದ್ದರು.

"ಹೇಳು ಮತ್ತೆ."

ಹೆಡ್ಲಿಯ ಕಣ್ಣು ರಸ್ತೆಯಾಚೆ ಹಿಮದ ಭಾರಕ್ಕೆ ಕುಸಿದಿದ್ದ ಕಲ್ಲಿನ ಗೋಡೆಯ ಮೇಲೆ ಬಿತ್ತು. "ಒಬ್ಬ ಕ್ಯಾಪ್ಟನ್," ಅಂದ. "ಯುದ್ಧದಿಂದ ಬರ್ತಾನೆ. ಬಂದು... ಗೋಡೆ ಕಟ್ತಾನೆ."

"ಕ್ಯಾಪ್ಟನ್ ಆದವನು ಗೋಡೆ ಕಟ್ತಾನಾ?"

"ಕೈ ಸುಮ್ನಿರಲ್ಲ ಅವನಿಗೆ. ಎರಡು ಜಮೀನಿನ ನಡುವಿನ ಗೋಡೆ. ಒಬ್ಬನೇ ಕಟ್ಟೋಕಾಗಲ್ವಲ್ಲ, ಆ ಕಡೆ ಮುಖಕ್ಕೂ ಒಬ್ಬರು ಬೇಕು. ಆಳುಗಳು ಸಿಗಲ್ಲ. ಆ ಕಡೆ ಜಮೀನಿನ ಹುಡುಗಿನೇ ಬಂದು ನಿಲ್ತಾಳೆ."

"ಆಮೇಲೆ?"

"ಗೋಡೆ ದಿನಾ ಮೇಲೇರುತ್ತೆ. ಅಷ್ಟಷ್ಟೇ ಅವರು ಒಬ್ಬರಿಗೊಬ್ಬರು ಕಾಣದ ಹಾಗಾಗ್ತಾರೆ."

ಮಿಸ್ ಆಲ್ಡರ್ಸನ್ ಬಾಗಿಲ ಚೌಕಟ್ಟಿಗೆ ಕೈ ಊರಿದರು. "ಇದು ನಾನು ಓದಿಲ್ಲ," ಅಂದರು. "ತಗೊಂಡು ಬಾ."

"ಅಕ್ಷರ ತುಂಬಾ ಸಣ್ಣ," ಅಂದ ಹೆಡ್ಲಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವನ ಕಿವಿ ಕೆಂಪಾಗಿತ್ತು. "ನಾನೇ ದಪ್ಪಕ್ಷರದಲ್ಲಿ ನಕಲು ಮಾಡಿ ತರ್ತೀನಿ."

ಹಿಂದಿನ ಕೋಣೆಯ ಗೋಡೆಗೆ ಅಂಟಿಸಲೆಂದು ಮಿರಿಯಮ್ ತಂದಿಟ್ಟ ಹೂವಿನ ಕಾಗದದ ಸುರುಳಿ ನಾಲ್ಕಿದ್ದವು. ಹೆಡ್ಲಿ ಒಂದನ್ನು ಬಿಚ್ಚಿ, ತುಂಡು ಮಾಡಿ, ಬಿಳಿಯ ಬೆನ್ನಿನ ಮೇಲೆ ದಪ್ಪ ಕಪ್ಪು ಪೆನ್ನಿನಲ್ಲಿ ಬರೆಯತೊಡಗಿದ. ಗಣಿಯಲ್ಲಿ ಕಲ್ಲಿಗೆ ನಂಬರು ಹಾಕುತ್ತಿದ್ದ ಅಕ್ಷರಗಳವು, ಹೆಬ್ಬೆರಳಿನಷ್ಟು ಎತ್ತರ. ಒಂದು ಹಾಳೆಗೆ ನಲವತ್ತು ಪದ ಹಿಡಿದರೆ ಹೆಚ್ಚು. ಗೋಡೆಯ ಪಾಯ ತೆಗೆಯುವುದನ್ನು ಒಂದೇ ಉಸಿರಿಗೆ ಬರೆದ. ಹುಡುಗಿ ಬಂದು ನಿಂತದ್ದೇ ಪೆನ್ನು ನಿಂತಿತು. ಅವಳು ಏನು ಉಟ್ಟಿದ್ದಳು, ಏನು ನೋಡಿದಳು, ಒಂದೂ ತೋಚದು. ಅಂಗಳಕ್ಕೆ ಹೋಗುವನು, ಸೌದೆ ಒಡೆಯುವನು, ಬಂದು ಒಂದು ಸಾಲು ಬರೆಯುವನು, ಅದನ್ನು ಹೊಡೆದುಹಾಕುವನು. ವ್ಯಾನು ಓಡಿಸುತ್ತಿದ್ದವನು ನಡುರಸ್ತೆಯಲ್ಲಿ ನಿಲ್ಲಿಸಿ ಮೇಜಿಗೆ ಓಡುವನು. ಹಿಂದೆ ನಿಂತ ಹಾಲಿನ ಲಾರಿಯವನು ಹಾರ್ನ್ ಒತ್ತಿ ಬೈದರೂ ಕೇಳಿಸುತ್ತಿರಲಿಲ್ಲ.

ಮೊದಲ ಕಂತನ್ನು ನಾಲ್ಕೇ ದಿನಕ್ಕೆ ಒಯ್ದು ಕೊಟ್ಟ. ಏಪ್ರಿಲ್ ಇಪ್ಪತ್ತನಾಲ್ಕರಂದು ಮತ್ತೆ ಹೋದಾಗ ಮಿಸ್ ಆಲ್ಡರ್ಸನ್ ಸುರುಳಿಯನ್ನು ಮೇಜಿನ ಮೇಲೆ ಹರಡಿ, ಎರಡು ಕಡೆಗೂ ಟೀ ಬಟ್ಟಲಿಟ್ಟು ಕಾಯುತ್ತಿದ್ದರು.

"ಗೋಡೆ ಚೆನ್ನಾಗಿದೆ," ಅಂದರು. "ಆದ್ರೆ ಇದನ್ನ ಬರೆದ ಹೆಂಗಸಿದಾಳಲ್ಲ, ಅವಳು ಜನ್ಮದಲ್ಲಿ ಕೈಗವಸು ಹಾಕ್ದೋಳಲ್ಲ. ಕಾಲುಚೀಲ ಕಿತ್ತ ಹಾಗೆ ಕಿತ್ತುಬಿಡ್ತಾಳಂತೆ. ಯಾವ ಹುಡುಗಿನೂ ಗಂಡಸಿನ ಎದುರು ಹಾಗೆ ತೆಗೆಯಲ್ಲ."

"ಹೇಗೆ ತೆಗೀತಾರೆ?"

"ಅದನ್ನ ನನ್ನನ್ಯಾಕೆ ಕೇಳ್ತೀಯ? ಬರೆದೋಳನ್ನ ಕೇಳು."

ಮನೆಗೆ ಬಂದವನೇ ಮಿರಿಯಮ್‌ಗೆ, "ಚರ್ಚಿಗೆ ಹಾಕ್ಕೊಂಡು ಹೋಗ್ತೀಯಲ್ಲ, ಆ ಕೈಗವಸು ಹಾಕ್ಕೋ," ಅಂದ.

"ಯಾಕೆ, ಎಲ್ಲಿಗೆ ಹೋಗೋಣ?"

"ಎಲ್ಲಿಗೂ ಇಲ್ಲ. ಹಾಕ್ಕೊಂಡು ತೆಗಿ."

ಅವಳು ಅವನ ಮುಖ ನೋಡಿದಳು. ಕೈ ಒರೆಸಿಕೊಂಡು ಹೋಗಿ ಹಾಕಿಕೊಂಡು ಬಂದಳು. ಮೊದಲು ಕಿರುಬೆರಳಿನ ತುದಿ ಹಿಡಿದು ಒಂದಿಷ್ಟು ಜಗ್ಗಿದಳು, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಐದೂ ಸಡಿಲವಾದ ಮೇಲೆ ಪೂರ್ತಿ ಎಳೆದಳು. ಮೂವತ್ತಾರು ವರ್ಷದಿಂದ ಪ್ರತಿ ಭಾನುವಾರ ಅವನ ಪಕ್ಕದಲ್ಲೇ ಕೂತು ತೆಗೆಯುತ್ತಿದ್ದ ಕೈಗವಸು. ಹೆಡ್ಲಿ ಇವತ್ತೇ ನೋಡಿದ್ದು.

"ಇನ್ನೊಂದನ್ನೂ ತೆಗಿ," ಅಂದ.

"ನಿಮಗೇನೋ ಆಗಿದೆ," ಅಂದಳು ಮಿರಿಯಮ್. ಆದರೆ ಇನ್ನೊಂದನ್ನು ಇನ್ನೂ ನಿಧಾನವಾಗಿ ತೆಗೆದಳು. ತನ್ನ ಹೂವಿನ ಕಾಗದ ಎಲ್ಲಿ ಹೋಯಿತೆಂದು ಆಮೇಲೆ ಅವಳು ಕೇಳಲಿಲ್ಲ. ಮುಂದಿನ ವಾರ ಪೇಟೆಗೆ ಹೋದಾಗ ಎರಡು ಕಪ್ಪು ಪೆನ್ನು ತಂದು ಗಡಿಯಾರದ ಪಕ್ಕ ಇಟ್ಟಳು.

ಮೇ ಎಂಟರಂದು ಗೋಡೆ ಕ್ಯಾಪ್ಟನ್ನನ ಎದೆಯವರೆಗೆ ಬಂದಿತ್ತು. ಅಂದು ಮಿಸ್ ಆಲ್ಡರ್ಸನ್ ಬೇರೆ ಸುದ್ದಿ ಹೇಳಿದರು. ದಕ್ಷಿಣದ ಸಮುದ್ರತೀರದ ಊರಲ್ಲಿದ್ದ ತಂಗಿಯ ಮಗಳು ಎಲ್ಸಿ ತನ್ನಲ್ಲಿಗೇ ಬಂದುಬಿಡಿ ಅಂದಿದ್ದಾಳೆ, ಎರಡು ವಾರಕ್ಕೆ ಅವಳ ಗಂಡ ಕಾರು ತರುತ್ತಾನೆ. "ಕೆಟಲ್ ಯಾವುದು, ನೀರಿನ ಜಗ್ ಯಾವುದು ಅಂತ ತಡವರಿಸೋ ಹಾಗಾಗಿದೆ ಹೆಡ್ಲಿ. ಇನ್ನು ಒಬ್ಬಳೇ ಆಗಲ್ಲ. ಕಥೆ ಅಷ್ಟರಲ್ಲಿ ಮುಗಿಯುತ್ತಾ?"

"ಮುಗಿಯುತ್ತೆ," ಅಂದ ಹೆಡ್ಲಿ. ಇನ್ನೂ ಒಂಬತ್ತು ಅಧ್ಯಾಯ ಬಾಕಿಯಿತ್ತು.

ಆ ಎರಡು ವಾರ ಅವನು ಮಲಗಿದ್ದೂ ಅಷ್ಟಕ್ಕಷ್ಟೆ, ಉಂಡದ್ದೂ ಅಷ್ಟಕ್ಕಷ್ಟೆ. ಮುಟ್ಟಿದ್ದೆಲ್ಲ ಅರ್ಧ. ಹಜಾಮತಿ ಅರ್ಧಕ್ಕೆ ಬಿಟ್ಟು, ಸೋಪು ಮೆತ್ತಿದ ಕೆನ್ನೆಯಲ್ಲೇ ಬಂದು ಬರೆದ. ಮೂರನೇ ಸುರುಳಿ ಮುಗಿದು ನಾಲ್ಕನೆಯದು ಬಿಚ್ಚಿದ. ಎಲ್ಲ ಆಯಿತು, ಕೊನೆಯದೊಂದು ಉಳಿಯಿತು. ಕ್ಯಾಪ್ಟನ್ ಬಾಯಿ ಬಿಟ್ಟು ಹೇಳಬೇಕಾದ ಮಾತು. ಹೆಡ್ಲಿ ತನ್ನ ಕಾಲದಲ್ಲಿ ಅಂಥ ಮಾತು ಆಡಿದವನೇ ಅಲ್ಲ. ಅವನಿಗೂ ಮಿರಿಯಮ್‌ಗೂ ಹೇಗೋ ಮದುವೆ ಆಗಿಹೋಗಿತ್ತು. ಹಾಗಾಗಿ ಓದಿದ ತೊಂಬತ್ತರಲ್ಲಿ ಸಿಹಿಯಾದದ್ದನ್ನೆಲ್ಲ ನೆನೆಸಿಕೊಂಡು ಒಂದು ಭಾಷಣ ಹೊಸೆದ.

ಮಂಗಳವಾರ ವ್ಯಾನು ಬಂದಾಗ ಕಾರು ಆಗಲೇ ನಿಂತಿತ್ತು. ಎಲ್ಸಿಯ ಗಂಡ ನಾರ್ಮನ್ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದ. ಮಿಸ್ ಆಲ್ಡರ್ಸನ್ ಕೋಟು ಟೋಪಿ ಹಾಕಿಕೊಂಡು ಸೇತುವೆಯ ಕಟ್ಟೆಯ ಮೇಲೆ ಕೂತಿದ್ದರು. ಹೆಡ್ಲಿ ಸುರುಳಿ ಚಾಚಿದರೆ ಅವರ ಕೈ ಗಾಳಿಯಲ್ಲಿ ತಡಕಾಡಿತು.

"ಅಕ್ಷರ ಹೋಯ್ತು ಮಗನೇ. ಹೋದ ಗುರುವಾರದಿಂದ. ನೀನೇ ಓದು."

"ದೊಡ್ಡಮ್ಮ, ದಾರಿ ದೂರ ಇದೆ," ಅಂದ ನಾರ್ಮನ್.

"ನೀನು ಹಗ್ಗ ಕಟ್ಟಪ್ಪ," ಅಂದರು ಅವರು.

ಹೆಡ್ಲಿ ರಸ್ತೆಯಲ್ಲಿ ನಿಂತು ಓದಿದ. ಮಿಸೆಸ್ ಪೀಕಾಕ್ ಬಂದು ಪಕ್ಕದಲ್ಲಿ ಕೂತಳು. ನಾರ್ಮನ್ನನ ಹಗ್ಗ ಕಟ್ಟಿ ಮುಗಿಯಿತು. ಅವನು ಕೈಗಡಿಯಾರ ನೋಡಿದ, ಆಮೇಲೆ ಕಾರಿಗೆ ಒರಗಿ ನಿಂತ. ಮುಕ್ಕಾಲು ಗಂಟೆಗೆ ಗೋಡೆ ಇಬ್ಬರ ತಲೆಯನ್ನೂ ಮೀರಿತು. ಕ್ಯಾಪ್ಟನ್ ಭಾಷಣ ಶುರು ಮಾಡಿದ. ಚಂದ್ರ ಬಂದ, ನಕ್ಷತ್ರ ಬಂದವು, ಪಂಜರದ ಹಕ್ಕಿ ಬಂತು.

"ನಿಲ್ಸು," ಅಂದರು ಮಿಸ್ ಆಲ್ಡರ್ಸನ್. "ಇದು ಅವನ ಮಾತಲ್ಲ. ಕಂಡೋರ ಮಾತು. ನಿನ್ನ ಕ್ಯಾಪ್ಟನ್ ಇಷ್ಟೊಂದು ಮಾತಾಡೋನಲ್ಲ ಹೆಡ್ಲಿ. ಅವನು ಏನು ಮಾಡ್ತಾನೆ, ಅದು ಹೇಳು."

ನಿನ್ನ ಕ್ಯಾಪ್ಟನ್ ಅಂದರು. ಮಿಸೆಸ್ ಪೀಕಾಕ್ ತನ್ನ ಬೂಟಿನ ತುದಿ ನೋಡುತ್ತ ಕೂತಳು. ಹೆಡ್ಲಿ ಕಾಗದ ಸುತ್ತಿ ಕಂಕುಳಲ್ಲಿಟ್ಟುಕೊಂಡ. ಅವನ ಕೈಗಳು ಕೋಟಿನ ಗುಂಡಿ ಹುಡುಕಿದವು, ಜೇಬು ಹುಡುಕಿದವು, ಕೊನೆಗೆ ಎದುರಿಗೆ ಗಾಳಿಯಲ್ಲಿ ಒಂದು ಕಲ್ಲಿನ ಅಳತೆ ಹಿಡಿದು ನಿಂತವು.

"ಕುರಿ ನುಸುಳೋಕೆ ಅಂತ ಗೋಡೆ ಬುಡದಲ್ಲಿ ಕಿಂಡಿ ಬಿಡ್ತಾರಲ್ಲ," ಅಂದ. "ಇವನು ಎದೆ ಎತ್ತರದಲ್ಲಿ ಬಿಟ್ಟಿರ್ತಾನೆ. ಕುರಿಗೆ ಯಾವ ಕೆಲಸಕ್ಕೂ ಬಾರದ್ದು. ಒಂದು ಕೈ ತೂರುವಷ್ಟು. ಏನೂ ಹೇಳಲ್ಲ. ಈ ಕಡೆ ನಿಂತಿರ್ತಾನೆ, ಅಷ್ಟೇ. ತುಂಬಾ ಹೊತ್ತಾಗುತ್ತೆ. ಅವಳು ಹೊರಟುಹೋದಳೇನೋ ಅಂದ್ಕೋತಾನೆ. ಆಮೇಲೆ ಆ ಕಡೆಯಿಂದ ಕೈ ಬರುತ್ತೆ."

ಮಿಸ್ ಆಲ್ಡರ್ಸನ್ ಅವನ ಕಡೆ ಕತ್ತು ಓರೆ ಮಾಡಿದರು.

"ಹೂಂ," ಅಂದರು. "ಇದು ನಾನು ಎಲ್ಲೂ ಓದಿಲ್ಲ."

ಎದ್ದು ನಿಂತು ಕೈ ಚಾಚಿದರು. ಹೆಡ್ಲಿ ಸುರುಳಿ ಕೊಟ್ಟ. ನಾರ್ಮನ್ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದ. ಕಾರು ಸೇತುವೆ ದಾಟಿ ತಿರುವಿನಲ್ಲಿ ಕುರಿಮಂದೆಗೆ ನಿಂತಿತು. ಮಂದೆ ಎರಡಾಗಿ ಸರಿದು ದಾರಿ ಬಿಟ್ಟ ಮೇಲೆ ಮುಂದೆ ಹೋಯಿತು.

ಮುಂದಿನ ಹಳ್ಳಿಯ ಹೆಂಗಸರು ಅಂದು ಅರ್ಧ ಗಂಟೆ ರಸ್ತೆಯಲ್ಲಿ ನಿಂತು ಕಾಯಬೇಕಾಯಿತು. ಹೆಡ್ಲಿ ವ್ಯಾನಿನೊಳಗೆ ಮೇಜಿಗೆ ಬಗ್ಗಿ, ಆ ಕಿಂಡಿಯ ಮಾತನ್ನು ಸಿಕ್ಕಿದ ಕಾಗದದ ಮೇಲೆ, ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದ. ಮಿಸ್ ಆಲ್ಡರ್ಸನ್ ಹಾರ್ಕ್‌ಬೆಕ್ ಬಿಟ್ಟು ಹೋದದ್ದು ಮೇ ಇಪ್ಪತ್ತೆರಡು, ಮಂಗಳವಾರ.