ಪಗಾರಿಲ್ಲದ ಶ್ರಾವಣ

“ಎದಿ ಮ್ಯಾಲೆ ಬಿಗೀರಿ, ಕುತ್ತಿಗೀಗೆ ಬ್ಯಾಡ,” ಎಂದರು ಅಯ್ಯನವರು.

ಸಂಜು ತಾಯಿಯ ಬೆನ್ನ ಹಿಂದೆ ಕೈ ತೂರಿಸಿ ಪಂಚೆಯ ತುದಿಯನ್ನು ಎಳೆದು ಕಿಟಕಿಯ ಸರಳಿಗೆ ಗಂಟು ಹಾಕಿದ. ಶಿವಗಂಗವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ಮೇಲೆ ವಿಭೂತಿ, ಎಡಗೈಯಲ್ಲಿ ಲಿಂಗ, ಮೈಮೇಲೆ ಹಸಿರು ಇಳಕಲ್ ಸೀರೆ. ಎಲ್ಲ ಸರಿಯಾಗಿಯೇ ಇತ್ತು, ತಲೆ ಮಾತ್ರ ಮತ್ತೆ ಮತ್ತೆ ಎದೆಗೆ ಬಾಗುತ್ತಿತ್ತು. ಬದುಕಿದ್ದಾಗ ಯಾರ ಮುಂದೂ ತಲೆ ಬಾಗಿಸಿದ ಹೆಂಗಸಲ್ಲ. ಗಂಡ ಸಿದ್ದಲಿಂಗಪ್ಪ ಪಕ್ಕದಲ್ಲಿ ಕುಳಿತು ಎರಡು ಬೆರಳಿನಿಂದ ಅವಳ ಗದ್ದ ಎತ್ತಿ ಹಿಡಿದಿದ್ದರು. ಐವತ್ತು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಎದುರು ಅವರು ಹೆಂಡತಿಯನ್ನು ಮುಟ್ಟಿದ್ದು ಅದೇ ಮೊದಲು.

ಎದುರು ಮನೆಯ ದೀಪಾಲಿ ಬಾಗಿಲಲ್ಲಿ ನಿಂತು ಗಾಬರಿಯಿಂದ ನೋಡುತ್ತಿದ್ದಳು. “ಬಸವೂನಚ್ ನೇಣಾರ್ ಕಾ?” ಎಂದು ಸಂಜುವಿನ ಹೆಂಡತಿ ರೇಣುವನ್ನು ಮೆಲ್ಲಗೆ ಕೇಳಿದಳು. ಕೂರಿಸಿಯೇ ಒಯ್ಯುವುದು, ಕೂರಿಸಿಯೇ ಮಣ್ಣು ಮಾಡುವುದು, ನಮ್ಮವರಲ್ಲಿ ಹಾಗೇ ಎಂದು ರೇಣು ಮರಾಠಿಯಲ್ಲಿ ಹೇಳಿದಳು. ದೀಪಾಲಿ ಮೆಟ್ಟಿಲ ಕಡೆ ನೋಡಿದಳು. ಮೂರನೆಯ ಮಹಡಿ, ಲಿಫ್ಟಿಲ್ಲ. ಸಾಯುವುದೇನೋ ಒಂದು ಗಳಿಗೆಯ ಕೆಲಸ. ಕಾತ್ರಜದ ಈ ಕಟ್ಟಡದಿಂದ ಇಳಿಯುವುದು ಅಷ್ಟು ಸುಲಭವಲ್ಲ.

“ಮಾವಾರ ಬಸ್ ಎಲ್ಲಿಗೆ ಬಂತಂತ?” ಎಂದು ರೇಣು ಕೇಳಿದಳು.

“ಘಾಟ ಇಳದದ. ಅರ್ಧಾ ತಾಸು.”

ಸೋದರಮಾವ ಶಿವರುದ್ರಪ್ಪ ಧಾರವಾಡದಿಂದ ರಾತ್ರಿ ಬಸ್ಸು ಹತ್ತಿದ್ದ. ತವರಿನವರು ಬರದೆ ಹೆಣ ಎತ್ತುವಂತಿಲ್ಲ. ಸಂಜು ಗೋಡೆಗೆ ಒರಗಿ ಕುಳಿತ. ಎದೆ ಒಡೆದು ಅಳಬೇಕಾದ ಹೊತ್ತು, ಆದರೆ ಅವನಿಗೆ ಅಳು ಬರುತ್ತಿರಲಿಲ್ಲ. ಇಪ್ಪತ್ತು ದಿನದಿಂದ ಹೊಟ್ಟೆಯಲ್ಲಿ ಒಂದು ಮಾತು ಕಲ್ಲಿನಂತೆ ಕುಳಿತಿತ್ತು, ಅದೇ ಅಳುವಿಗೆ ಅಡ್ಡ ಬರುತ್ತಿತ್ತು. ಚಾಕಣದಲ್ಲಿ ಅವನು ಇಪ್ಪತ್ತೆರಡು ವರ್ಷ ದುಡಿದ ಕಾರ್ಖಾನೆ ಗಾಡಿಗಳಿಗೆ ಸೈಲೆನ್ಸರ್ ಮಾಡುತ್ತಿತ್ತು. ಬ್ಯಾಟರಿ ಗಾಡಿಗೆ ಸೈಲೆನ್ಸರ್ ಯಾಕೆ? ಎರಡು ಲೈನ್ ಮುಚ್ಚುತ್ತಿದ್ದರು. ಈ ತಿಂಗಳ ಕೊನೆಗೆ ಮನೆಗೆ ಹೋಗುವವರ ಪಟ್ಟಿಯಲ್ಲಿ ಅವನ ಹೆಸರು ನಾಲ್ಕನೆಯದು. ಹೆಂಡತಿಗೆ ಹೇಳಿರಲಿಲ್ಲ, ಅಪ್ಪನಿಗೆ ಹೇಳಿರಲಿಲ್ಲ. ಅವ್ವನಿಗೆ ಹೇಳಬೇಕೆಂದು ದಿನಾ ಅಂದುಕೊಂಡು ದಿನಾ ಮುಂದೆ ಹಾಕಿದ್ದ. ನಿನ್ನೆ ಸಂಜೆ ಅವಳು ಚಹಾದ ಕಪ್ಪು ಕೆಳಗಿಟ್ಟು, ಎದೆ ಒತ್ತಿಕೊಂಡು, ಅಷ್ಟಕ್ಕೇ ಮುಗಿಸಿಬಿಟ್ಟಳು.

*

ಆಗ ಅವರು ಭವಾನಿ ಪೇಠೆಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದರು. ಸಿದ್ದಲಿಂಗಪ್ಪ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಸಂಜುವಿಗೆ ಹತ್ತು ವರ್ಷ. ಶ್ರಾವಣದ ಮೊದಲ ದಿನ ಅಪ್ಪ ತಂದುಕೊಟ್ಟ ಪಗಾರದ ಪಾಕೀಟನ್ನು ಅವ್ವ ಬಿಚ್ಚಲೇ ಇಲ್ಲ. ಟ್ರಂಕಿನ ತಳಕ್ಕೆ ಹಾಕಿ ಕೀಲಿ ಜಡಿದು, “ಹೂಂ, ಇವತ್ತ ನಿಮ್ಮಪ್ಪನ ನೌಕರಿ ಹೋತು,” ಎಂದಳು.

ಹುಡುಗ ಹೋ ಎಂದು ಅತ್ತುಬಿಟ್ಟ.

“ಅಯ್ಯ ಹುಚ್ಚಪ್ಪ, ಖರೇ ಅಲ್ಲೋ! ಒಂದ್ ತಿಂಗಳ ಹೋಗೇದ ಅಂತ ತಿಳಕೊಂಡು ಬಾಳೇ ಮಾಡೂದು. ಸಾವಕಾರ ನಾಳೆ ‘ನಡಿ ಮನಿಗೆ’ ಅಂದ್ರ ಏನ್ ಮಾಡೂದು? ಚಪ್ಪಲಿ ಎಲ್ಲಿ ಕಚ್ಚತದ ಅಂತ ನಡದ ನೋಡಿದ್ರ ಗೊತ್ತಾಗ್ತದ.”

ಅಂದಿನಿಂದ ಪ್ರತಿವರ್ಷ ಅವರ ಮನೆಯಲ್ಲಿ ಶ್ರಾವಣವೆಂದರೆ ಪಗಾರಿಲ್ಲದ ತಿಂಗಳು. ಡಬ್ಬಿಯಲ್ಲಿದ್ದ ಜೋಳ, ಡಬ್ಬಿಯಲ್ಲಿದ್ದ ಬೇಳೆ. ಝುಣಕ, ಮಜ್ಜಿಗೆ, ಮೊಳಕೆ ಕಾಳು. ಶಾಲೆಗೆ ನಡೆದೇ ಹೋಗಬೇಕು, ಅಪ್ಪ ಅಂಗಡಿಯ ಹತ್ತಿರ ಚಹಾ ಕುಡಿಯುವಂತಿಲ್ಲ. ಒಂದು ವರ್ಷ ಸೀಮೆಎಣ್ಣೆ ಕಚ್ಚಿತು. ಮರುವರ್ಷದ ಹೊತ್ತಿಗೆ ಅವ್ವ ಹೊಟ್ಟಿನ ಒಲೆಯೊಂದನ್ನು ಹುಡುಕಿ ತಂದಿದ್ದಳು. ಇನ್ನೊಂದು ವರ್ಷ ಶಾಲೆಯ ಫೀ ಕಚ್ಚಿತು. ಆಗ ಓಣಿಯವರ ಸೀರೆಗೆ ಫಾಲ್ ಹೊಲಿಯುವುದು ಕಲಿತಳು. ಹೀಗೆ ಕಚ್ಚಿದಲ್ಲೆಲ್ಲ ಒಂದೊಂದು ತೇಪೆ ಹಾಕುತ್ತ ಹೋದಳು.

“ಮಂದಿ ಕೇಳಿದ್ರ?” ಎಂದಿದ್ದ ಸಂಜು.

“ಶ್ರಾವಣಾ ಹಿಡದೀವಿ ಅನ್ನು. ಬಡತನಕ್ಕ ನಗ್ತಾರ, ವ್ರತಕ್ಕ ಕೈ ಮುಗೀತಾರ.”

ಅದು ನಿಜವೇ ಆಯಿತು. ಶಿವಗಂಗವ್ವನಷ್ಟು ಕಟ್ಟುನಿಟ್ಟಾಗಿ ಶ್ರಾವಣ ಹಿಡಿಯುವವರಿಲ್ಲ ಎಂದು ಭವಾನಿ ಪೇಠೆಯಿಂದ ಧಾರವಾಡದವರೆಗೆ ಸುದ್ದಿ ಹಬ್ಬಿತು. ತಮಾಷೆಯೆಂದರೆ, ಸಿದ್ದಲಿಂಗಪ್ಪನವರ ನೌಕರಿ ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಹೋಗಲಿಲ್ಲ.

*

ಶಿವರುದ್ರಪ್ಪ ಮಾವ ಮೆಟ್ಟಿಲು ಹತ್ತುವಾಗಲೇ “ಅಕ್ಕಾ!” ಎಂದು ಹಲುಬಿದ್ದು ಮೂರೂ ಮಹಡಿಗೆ ಕೇಳಿಸಿತು. ಒಳಗೆ ಬಂದು ಅಕ್ಕನ ಮಡಿಲಲ್ಲಿ ಮುಖವಿಟ್ಟು ಮಗುವಿನಂತೆ ಅತ್ತ. ಅವನ ಅಳು ಸುಳ್ಳಲ್ಲ. ಆದರೆ ಮಾವನ ಸ್ವಭಾವವೇ ಹಾಗೆ, ಅತ್ತು ಮುಗಿಸುವಷ್ಟರಲ್ಲಿ ವ್ಯವಸ್ಥೆಗೆ ಇಳಿದುಬಿಟ್ಟಿದ್ದ.

“ಹನ್ನೊಂದನೇ ದಿನದ ಊಟ ಎಷ್ಟ್ ಮಂದೀದು, ಸಂಜು?”

“ನೋಡೂಣ್ರಿ ಮಾವಾ.”

“ನೋಡೂದೇನೋ! ನಮ್ಮಕ್ಕನ ಶ್ರಾವಣ ಅಂದ್ರ ಧಾರವಾಡದಾಗ ಹೆಸರು ಹೇಳ್ತಾರ. ಅಷ್ಟು ವ್ರತ ಮಾಡಿದಾಕೀಗೆ ಐನೂರು ಎಲಿ ಬೀಳಬೇಕು. ನೀ ಏನ್ ಕಡಿಮಿ ಅದೀಯೇನು? ಇಂಥಾ ಕಂಪನ್ಯಾಗ ದೊಡ್ಡ ನೌಕರಿ!”

ನೆರೆದವರೆಲ್ಲ ಹೌದ್ಹೌದು ಎಂದರು. “ಆತ್ರಿ,” ಎಂದ ಸಂಜು. ಹಾಗೆಂದ ತನ್ನ ದನಿ ತನಗೇ ಪರಕೀಯವಾಗಿ ಕೇಳಿತು. ಅಪ್ಪ ಒಮ್ಮೆ ತಲೆಯೆತ್ತಿ ಮಗನನ್ನು ನೋಡಿ ಮತ್ತೆ ಗದ್ದ ಹಿಡಿದು ಕುಳಿತರು.

ಪ್ಲಾಸ್ಟಿಕ್ ಕುರ್ಚಿಗೆ ಅವ್ವನನ್ನು ಕಟ್ಟಿ ನಾಲ್ಕು ಜನ ಇಳಿಸಿದರು. ತಿರುವುಗಳಲ್ಲಿ ಕುರ್ಚಿ ಓರೆಯಾಗುತ್ತಿತ್ತು. “ಹಳು ಹಳು,” ಎಂದು ಮೆಲ್ಲಗೆ ಇಳಿಸಲು ಹೇಳುತ್ತ ದೀಪಾಲಿ, ಜೊತೆಗೆ ಸಂಜುವಿನ ಮಗಳು, ಪ್ರತಿ ಮಹಡಿಯಲ್ಲೂ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸಿದರು. ರುದ್ರಭೂಮಿಯಲ್ಲಿ ಗುಣಿ ತಯಾರಿತ್ತು. ಒಳಗೆ ಇಳಿದು ತಾಯಿಯನ್ನು ಕೂರಿಸುವಾಗ ಸಂಜುವಿಗೆ ಅವಳ ತೂಕ ಎಷ್ಟು ಕಡಿಮೆ ಎಂಬುದು ಗೊತ್ತಾಯಿತು. ಬಿಲ್ವಪತ್ರೆ, ವಿಭೂತಿ, ಉಪ್ಪು, ಮಣ್ಣು. ಮಣ್ಣು ಎದೆಯ ಮಟ್ಟಕ್ಕೆ ಬರುವತನಕ ಸಿದ್ದಲಿಂಗಪ್ಪ ನೋಡಿದರು, ಆಮೇಲೆ ಬೆನ್ನು ತಿರುಗಿಸಿ ನಿಂತರು.

ಅಲ್ಲೇ ಗೇಟಿನ ಹತ್ತಿರ ಮಾವ ಫೋನಿನಲ್ಲಿ ಅಡುಗೆಯವನನ್ನು ಹಿಡಿದಿದ್ದ. “ಹೋಳಿಗಿ ಇರಲೇಬೇಕು ಮತ್ತ,” ಎನ್ನುತ್ತಿದ್ದುದು ಕೇಳಿಸಿತು.

*

ಈ ಮನೆ ಕೊಂಡ ವರ್ಷ, ಶ್ರಾವಣದ ಹಿಂದಿನ ದಿನ, ಅವ್ವ ಕೈ ಚಾಚಿ ಕೇಳಿದ್ದಳು: “ಕಾರ್ಡು ಕೊಡು, ಟ್ರಂಕಿನ್ಯಾಗ ಇಡ್ತೀನಿ.” ಪಗಾರದ ಪಾಕೀಟಿನ ಕಾಲ ಮುಗಿದಿತ್ತು, ಅವಳು ಕಾರ್ಡಿಗೆ ಹೊಂದಿಕೊಂಡಿದ್ದಳು.

ಸಂಜು ನಕ್ಕಿದ್ದ. ಆಮೇಲೆ ಸಿಟ್ಟಿಗೆದ್ದಿದ್ದ. ಮನೆಯ ಕಂತು ತಿಂಗಳಿಗೆ ತಪ್ಪದೆ ಕಟ್ಟಬೇಕು, ಮಗಳ ಕ್ಲಾಸಿಗೆ ಕಟ್ಟಬೇಕು, ಗೆಳೆಯರು ಮನೆ ನೋಡಲು ಬರುತ್ತಾರೆ, ಅವರಿಗೆ ಮಜ್ಜಿಗೆ-ರೊಟ್ಟಿ ಇಡುವುದೇ? “ಸಾಕ್ ಮಾಡವ್ವಾ. ಅಪ್ಪಂದು ಅಡತಿ ಅಂಗಡಿ ಇತ್ತು. ನಾ ಪರ್ಮನೆಂಟ್ ಅದೀನಿ.”

“ಕುರ್ಚಿ ಪರ್ಮನೆಂಟ್ ಇರ್ತದಪ್ಪ, ಕುಂತಾಂವ ಇರಂಗಿಲ್ಲ.”

“ಸಾಯೂತನಕ ಭಿಕಾರಿಗಳಂಗ ಇರೂದೇನು?”

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರಲಿಲ್ಲ. ಅವ್ವ ಚಾಚಿದ ಕೈ ಮಡಚಿಕೊಂಡು, “ಆತು,” ಎಂದಳು. ಆ ವರ್ಷದಿಂದ ಮನೆಯಲ್ಲಿ ಶ್ರಾವಣ ನಿಂತಿತು. ಅವಳೊಬ್ಬಳು ಮಾತ್ರ ತನ್ನ ತಟ್ಟೆಗೆ ಝುಣಕ-ರೊಟ್ಟಿ ಹಾಕಿಕೊಂಡು, ಏನೂ ಹೇಳದೆ, ಒಂದು ತಿಂಗಳು ಬೇರೆಯೇ ಉಣ್ಣುತ್ತಿದ್ದಳು.

*

ಮಣ್ಣು ಮಾಡಿ ಬಂದು, ಸ್ನಾನ ಮುಗಿಸಿ ಎಲ್ಲರೂ ಕುಳಿತಾಗ ಐದು ಗಂಟೆ ದಾಟಿತ್ತು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ದೀಪಾಲಿ ಪಿಠಲ-ಭಾಕರಿ, ಅಂದರೆ ಅದೇ ಝುಣಕ-ರೊಟ್ಟಿ, ತಂದಿಟ್ಟಿದ್ದಳು. ಮಾವ ಕರೆಸಿದ್ದ ಸುಖೇಶ್ ಕೂಡ ಬಂದ. ಸ್ಟ್ಯಾಂಡಿನ ಹತ್ತಿರ ಹೋಟೆಲು ನಡೆಸುವ ಕರಾವಳಿಯವನು, ಊಟದ ಆರ್ಡರು ಹಿಡಿಯುತ್ತಿದ್ದ.

“ಎಷ್ಟು ಎಲೆ ಅಂತ ಹೇಳಿ ಮಾರಾಯ್ರೆ, ಉಳಿದದ್ದು ನನಗೆ ಬಿಡಿ,” ಎಂದು ಅವನು ಸಂಜುವಿನ ಕಡೆ ತಿರುಗಿದ.

“ಐನೂರು,” ಎಂದ ಮಾವ. “ಹೇಳೋ ಸಂಜು. ಅವ್ವನ ವ್ರತಾ ದೊಡ್ಡದೋ, ನಿನ್ನ ರೊಕ್ಕಾ ದೊಡ್ಡದೋ?”

ಹೂಂ ಎಂದರೆ ಮುಗಿಯಿತು. ಒಂದು ಹೂಂ. ಕಂಪನಿಯವರು ಕೊಡುವ ದುಡ್ಡಿನಲ್ಲಿ ಒಂದು ದೊಡ್ಡ ತುಂಡು ಹೋಳಿಗೆಯಾಗಿ ಹೋಗುತ್ತದೆ, ಮರ್ಯಾದೆ ಉಳಿಯುತ್ತದೆ, ತಿಂಗಳ ಕೊನೆಗೆ ಆದದ್ದು ಆಗಲಿ. ಸಂಜು ಬಾಯಿ ತೆರೆದ. ಗುಣಿಯಲ್ಲಿ ಕೈಗೆ ಹತ್ತಿದ ಆ ಹಗುರ ಮೈ ನೆನಪಾಯಿತು.

“ಮಾವಾ, ಅದು ವ್ರತ ಅಲ್ಲ.”

“ಏನು?”

“ಶ್ರಾವಣ. ಅವ್ವ ಎಂದೂ ವ್ರತಾ ಮಾಡಲಿಲ್ಲ. ಅಪ್ಪನ ನೌಕರಿ ಹೋದ್ರ ಹೆಂಗ ಅಂತ ವರ್ಷಕ್ಕೊಂದ್ ತಿಂಗಳ ತಾಲೀಮು ಮಾಡ್ತಿದ್ಲು. ಉಪಾಸ ಇದ್ದು ರೂಢಿ ಮಾಡಸ್ತಿದ್ಲು ನಮಗ. ನಾನ ನಿಲ್ಲಸಿದೆ.” ಅವನು ಸುಖೇಶನ ಕಡೆ ತಿರುಗಿದ. “ಐನೂರು ಎಲಿ ಆಗಂಗಿಲ್ರಿ. ನನ್ನ ನೌಕರಿ ಹೋಗೇದ. ಇದ ತಿಂಗಳು ಕಡೀದು.”

ಸುಖೇಶ್ ಪುಸ್ತಕ ಮುಚ್ಚಿ, “ಎಲೆ ಲೆಕ್ಕ ಆಮೇಲೆ ಮಾಡುವ. ಹನ್ನೊಂದಕ್ಕೆ ಮನೆಯವರಿಗೆ ನಾನು ಕಳಿಸ್ತೇನೆ,” ಎಂದು ಎದ್ದ. ಮಾವ ಏನೋ ಹೇಳಲು ಹೋಗಿ ಭಾವನ ಮುಖ ನೋಡಿದ.

“ಖರೇ ಅದ,” ಎಂದರು ಸಿದ್ದಲಿಂಗಪ್ಪ. ಬೆಳಗಿನಿಂದ ಅವರು ಆಡಿದ ಮೊದಲ ಮಾತು ಅದು. “ವರ್ಷಾ ವರ್ಷಾ ನನ್ನ ಮಾರೀಗೆ ಹೇಳ್ತಿದ್ಲು, ನಿಮ್ಮ ನೌಕರಿ ಹೋತು ಅಂತ. ಭಾಳ ಸಿಟ್ಟ ಬರ್ತಿತ್ತ ನನಗ.” ಹಾಗೆಂದು ನಗಲು ಹೋದವರು ಅತ್ತುಬಿಟ್ಟರು. ಶಿವರುದ್ರಪ್ಪ ಎದ್ದು ಹೋಗಿ ಭಾವನ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟ.

ಸಂಜು ರೇಣುವಿನ ಕಡೆ ನೋಡಲು ಧೈರ್ಯವಾಗದೆ ಅಡುಗೆಮನೆಗೆ ಹೋದ. ಅವಳು ಹಿಂದೆಯೇ ಬಂದಳು.

“ಎಷ್ಟ್ ದಿನಾ ಆತು?”

“ಇಪ್ಪತ್ತು.”

“ಇಪ್ಪತ್ತ್ ದಿನಾ ನನ್ನ ಬಾಜೂಕ ಮಲಗಿ ಸುಮ್ನ ಇದ್ರಿ. ನಾ ಏನ್ ಹೊರಗಿನಾಕಿಯೇನ್ರಿ ಈ ಮನಿಗೆ?” ಅವಳ ಕಣ್ಣು ಕೆಂಪಾಗಿತ್ತು. “ಹದಿನೈದ್ ದಿನದಿಂದ ಏನ್ ಉಣ್ಣಾಕತ್ತೀರಿ ನೀವು, ಒಮ್ಮೆರೆ ತಾಟ ನೋಡೀರೇನು?”

ಸಂಜು ಯೋಚಿಸಿದ. ಮೊನ್ನೆ ಮೊಳಕೆ ಕಾಳು. ಅದರ ಹಿಂದಿನ ದಿನ ಝುಣಕ. ಡಬ್ಬಿಯಲ್ಲಿ ರೊಟ್ಟಿ, ಚಟ್ನಿಪುಡಿ. ಭಾನುವಾರ ಕೂಡ ಮಜ್ಜಿಗೆ ಸಾರು. ತಲೆ ಬೇರೆಲ್ಲೋ ಇದ್ದುದರಿಂದ ಏನು ಉಂಡೆನೆಂಬುದೇ ಗೊತ್ತಾಗಿರಲಿಲ್ಲ.

“ಅತ್ತಿ ಶುರು ಮಾಡಿಸ್ಯಾರ,” ಎಂದಳು ರೇಣು. “ಮಾಘ ಮಾಸದಾಗ ಎಂಥಾ ಶ್ರಾವಣರೀ ಅಂದೆ. ‘ಸಂಜೂಂದು ನೌಕರೀದು ಏನೋ ಆಗೇದ. ನೀ ಕೇಳಬ್ಯಾಡ, ತಾನ ಹೇಳ್ತಾನ. ಅಲ್ಲೀತನಕ ಸುಮ್ನ ಮಾಡ್ಕೋತ ಹೋಗು’ ಅಂದ್ರು. ನೀವು ಹೇಳ್ತೀರಿ ಅಂತ ದಾರಿ ಕಾದ್ರು ಪಾಪ, ದಿನಾ ಕಾದ್ರು.”

“ಆಕೀಗೆ ಹೆಂಗ ಗೊತ್ತಾತು?” ಸಂಜು ಅವಳ ಕಡೆ ತಿರುಗಿದ. “ಯಾರು ಹೇಳಿದ್ರು?”

“ಯಾರ್ ಹೇಳಬೇಕು? ಸಂಜೀಕೆ ನೀವು ಬಸ್ ಇಳಿಯೂ ಹೊತ್ತಿಗೆ ಅತ್ತಿ ಬಾಲ್ಕನ್ಯಾಗ ನಿಂದರ್ತಿದ್ರಲ್ಲ.”

ಸಂಜು ಬಾಲ್ಕನಿಗೆ ಹೋದ. ಅಲ್ಲಿ ನಿಂತು ಕೆಳಗೆ ನೋಡುವ ರೂಢಿ ಅವನಿಗಿರಲಿಲ್ಲ. ಆರು ಗಂಟೆಯಾಗುತ್ತ ಬಂದಿತ್ತು. ದಿನಾ ಅವನು ಬರುತ್ತಿದ್ದ ಚಾಕಣದ ಕಂಪನಿ ಬಸ್ಸು ತಿರುವಿನಲ್ಲಿ ಬಂದು ನಿಂತಿತು. ಮೂರು ಜನ ಇಳಿದರು. ಇಬ್ಬರು ಕೈಬೀಸಿ ತಮ್ಮ ತಮ್ಮ ಓಣಿಗೆ ತಿರುಗಿದರು. ಮೂರನೆಯವನು ಹಿಂದಿನ ಕಟ್ಟಡದವನು, ಹೆಸರು ಗೊತ್ತಿಲ್ಲ, ಮುಚ್ಚುತ್ತಿರುವ ಇನ್ನೊಂದು ಲೈನಿನವನು. ಬಸ್ಸು ಹೊರಟು ಹೋಯಿತು. ಅವನು ಬ್ಯಾಗನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿ, ಕರವಸ್ತ್ರದಿಂದ ಮುಖ ಒರೆಸಿಕೊಂಡು, ಎರಡು ಹೆಜ್ಜೆ ಇಟ್ಟು ನಿಂತ. ಮತ್ತೆ ಮುಖ ಒರೆಸಿಕೊಂಡ. ಮೂರನೆಯ ಮಹಡಿಯಿಂದ ಎಲ್ಲವೂ ನಿಚ್ಚಳವಾಗಿ ಕಾಣುತ್ತಿತ್ತು. ಅವನು ಮನೆಗೆ ಹೋಗುವ ಮೊದಲು ನಗುವನ್ನು ಮುಖಕ್ಕೆ ತಂದುಕೊಳ್ಳಲು ಪ್ರಯತ್ನಿಸುತ್ತಿದ್ದುದು ಕೂಡ.