ಬಾಗಿಲ ಹಿಂದೆ ಏನಿದೆ ಎಂದು ಕೇಳುತ್ತಿದ್ದವರು

ನಮ್ಮ ಬೀದಿಯ ಬೀಗದಣ್ಣ ಬರೀ ಮುಖ ನೋಡಿ ಬೀಗ ತೆರೆದವರಲ್ಲ. ಕೀಲಿ ಕಳೆದುಕೊಂಡು ಸ್ವಂತ ಮನೆಯ ಮುಂದೆಯೇ ಪರದೇಶಿಯಂತೆ ನಿಂತವರು ಎಷ್ಟೇ ಪರಿಚಿತರಾಗಿರಲಿ, ಎಷ್ಟೇ ಅವಸರದಲ್ಲಿರಲಿ, ಬೀಗದಣ್ಣ ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿ, ಕನ್ನಡಕವನ್ನು ಕೋಟಿನ ಅಂಚಿನಿಂದ ಒರೆಸಿಕೊಂಡು, ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅದಿರಲಿ, ಬಾಗಿಲ ಹಿಂದೆ ಏನಿದೆ?" ಮೊಳೆಗೆ ತೂಗಿದ ಛತ್ರಿಯೋ, ಹಳೆಯ ಕ್ಯಾಲೆಂಡರೋ, ಮಗು ಗೀಚಿದ ಚಿತ್ರವೋ, ಏನಾದರೊಂದನ್ನು ಹೇಳಲೇಬೇಕು. ಬಾಗಿಲು ತೆರೆದುಕೊಂಡಾಗ ಅವರ ಕಣ್ಣು ಮೊದಲು ಹುಡುಕುತ್ತಿದ್ದುದು ಅದನ್ನೇ. ಒಮ್ಮೆ ನ್ಯಾಯಾಧೀಶರೊಬ್ಬರು ತಾವು ಯಾರು ಗೊತ್ತೇ ಎಂದು ಸಿಡುಕಿದರಂತೆ. "ಗೊತ್ತು ಸ್ವಾಮಿ. ಅದಿರಲಿ, ಬಾಗಿಲ ಹಿಂದೆ ಏನಿದೆ?" ಪಾಪ, ಅವರಿಗೆ ನೆನಪಾಗಲಿಲ್ಲ. ಹೆಂಡತಿ ಬರುವ ತನಕ ಮೆಟ್ಟಿಲ ಮೇಲೆ ಕುಳಿತಿದ್ದರು.

ಬಲ ಹೆಗಲಿನ ಚೀಲದ ಭಾರಕ್ಕೆ ಎಡಕ್ಕೆ ವಾಲಿ ನಡೆಯುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಬರಿಗೈಯಲ್ಲಿ ಹೊರಟಾಗಲೂ ಹಾಗೆಯೇ ವಾಲುತ್ತಿದ್ದರು. ಬೂದುಬಣ್ಣದ ಕೋಟಿನ ಪ್ರತಿ ಜೇಬಿಗೂ ಗುಂಡಿ. ಆ ಗುಂಡಿಗಳನ್ನು ಹೊಲಿದುಕೊಟ್ಟವಳು ನಮ್ಮ ಮಹಡಿಯಲ್ಲೇ ಇರುವ ದರ್ಜಿ ಹೆಂಗಸು. ಮೇಲೆ ನಮ್ಮ ಮನೆಗಳು, ಕೆಳಗೆ ಮೆಟ್ಟಿಲ ಬುಡದಲ್ಲಿ ಅವರ ಅಂಗಡಿ. ಅಂಗಡಿಯ ಗೋಡೆಯ ಹಲಗೆಯ ಕೊಕ್ಕೆಗಳಲ್ಲಿ ಅರ್ಧ ಬೀದಿಯ ಮನೆಗಳ ಎರಡನೆಯ ಕೀಲಿಗಳು ತೂಗುತ್ತಿದ್ದವು. ಯಾವುದಕ್ಕೂ ಹೆಸರಿನ ಚೀಟಿಯಿಲ್ಲ, ಯಾವುದು ಯಾರದೆಂಬುದು ಅವರ ತಲೆಯಲ್ಲಿ ಮಾತ್ರ. ಇಷ್ಟೊಂದು ಸಂಶಯದ ಪ್ರಾಣಿಗೆ ಒಂದೇ ಒಂದು ದೌರ್ಬಲ್ಯ: ಯಾರಾದರೂ ಹೊರಗೆ ನಿಂತಿದ್ದಾರೆಂದರೆ ಅವರಿಗೆ ತಡೆಯುತ್ತಿರಲಿಲ್ಲ. ದರ್ಜಿ ಹೆಂಗಸು ಒಮ್ಮೆ ಬಾಗಿಲೆಳೆದುಕೊಂಡು ಹೊರಗುಳಿದಾಗ, ಉಣ್ಣುತ್ತಿದ್ದ ತಟ್ಟೆಯನ್ನು ಹಾಗೆಯೇ ಬಿಟ್ಟು, ಎಂಜಲು ಕೈ ತೊಳೆದುಕೊಂಡು ಓಡಿಬಂದಿದ್ದರು.

ಒಂದು ದಿನ ಬೆಳಿಗ್ಗೆ ನನ್ನ ಫೋನಿಗೆ ಅವರ ಜಾಲತಾಣದ ಖಾತೆಯಿಂದ ಸಂದೇಶ ಬಂತು. "ನನ್ನ ಅಕೌಂಟ್ ಲಾಕ್ ಆಗಿದೆ, ಹೊರಗೆ ಸಿಕ್ಕಿಕೊಂಡಿದ್ದೇನೆ. ನಿಮ್ಮ ಫೋನಿಗೆ ಆರಂಕಿಯ ನಂಬರ್ ಬರುತ್ತದೆ, ಕೂಡಲೇ ಕಳಿಸಿ." ಬೀಗದಣ್ಣನೇ ಹೊರಗೆ ಸಿಕ್ಕಿಕೊಂಡರೆ ಇನ್ನು ನಮ್ಮಂಥವರ ಗತಿಯೇನೆಂದು ನಕ್ಕೆ. ನಂಬರೂ ಬಂತು. ಅಂಗಡಿ ಇಷ್ಟು ಹತ್ತಿರ ಇಲ್ಲದಿದ್ದರೆ ಕಳಿಸಿಯೇಬಿಡುತ್ತಿದ್ದೆನೇನೋ. ಎದುರಿಗೇ ಹೇಳಿ ಸ್ವಲ್ಪ ರೇಗಿಸೋಣವೆಂದು ಕೆಳಗಿಳಿದೆ.

ಅವರು ಹೊಸ ಕೀಲಿಯೊಂದಕ್ಕೆ ಅರ ಹಿಡಿಯುತ್ತಿದ್ದರು.

"ಏನಣ್ಣಾ, ಹೊರಗೆ ಸಿಕ್ಕಿಹಾಕ್ಕೊಂಡಿದೀರಂತೆ?"

"ಅದಿರಲಿ, ಯಾರು ಹೇಳಿದ್ದು? ನಾನು ಇಲ್ಲೇ ಇದೀನಲ್ಲ."

ಫೋನು ತೋರಿಸಿದೆ. ಅದರಲ್ಲಿ ಅವರದೇ ಭಾವಚಿತ್ರ, ಅದೇ ಕೋಟು, ಅದರ ಕೆಳಗೆ ಅವರು ಬರೆಯದ ಮಾತು. ಗುಂಡಿ ಬಿಚ್ಚಿ ತಮ್ಮ ಫೋನನ್ನು ತೆಗೆದರು. ಖಾತೆ ಗುಪ್ತಪದ ಕೇಳಿತು, ಕೊಟ್ಟರು, ತಪ್ಪೆಂದಿತು, ಮತ್ತೆ ಕೊಟ್ಟರು, ಮತ್ತೆ ತಪ್ಪೆಂದಿತು. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ದರ್ಜಿ ಹೆಂಗಸಿನ ದನಿ, ಉಪಕಾರ ಮಾಡಿದ ಸಂತೋಷದಲ್ಲಿ: "ಅಣ್ಣಾ, ನಂಬರ್ ಕಳಿಸಿದ್ನಲ್ಲ, ಬಂತಾ?"

ಬೀಗದಣ್ಣನ ಮುಖದಲ್ಲಿ ಆಗ ನಾನು ಕಂಡದ್ದನ್ನು ಯಾವ ಮುಖದಲ್ಲೂ ಮತ್ತೆ ಕಾಣಬಾರದು. ಅವರ ಕೈಯಿಂದ ಅರ ಜಾರಿ ಬಿತ್ತು, ಅದನ್ನು ಎತ್ತಿಕೊಳ್ಳಲಿಲ್ಲ. ದರ್ಜಿ ಹೆಂಗಸು ಕೆಳಗೆ ಬರುವಷ್ಟರಲ್ಲಿ ಅವಳ ಜಾಲತಾಣದ ಪುಟವೂ ಅವಳ ಕೈತಪ್ಪಿತ್ತು. ಅವಳು ಹೊಲಿದ ಬಟ್ಟೆಗಳ ಚಿತ್ರಗಳೆಲ್ಲ ಇದ್ದದ್ದು ಅದರಲ್ಲಿ, ಗಿರಾಕಿಗಳು ಬರುತ್ತಿದ್ದುದು ಅದರಿಂದ. ನಾವು ಮೂವರೂ ನೋಡುತ್ತಿದ್ದಂತೆಯೇ ಅವಳ ಹೆಸರಿನಿಂದ ನನಗೂ ಒಂದು ಸಂದೇಶ ಬಂತು: ಹೊರಗೆ ಸಿಕ್ಕಿಕೊಂಡಿದ್ದೇನೆ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

"ನಿಮ್ಮ ಖಾತೆ ಹೇಗೆ ಹೋಯಿತು?" ಎಂದೆ.

"ತಂಗಿ ಕೇಳಿದ್ಲು," ಎಂದರು. "ಅಣ್ಣ, ಹೊರಗೆ ನಿಂತಿದೀನಿ, ನಂಬರ್ ಕಳಿಸು ಅಂದ್ಲು. ಕಳಿಸ್ದೆ."

"ನೀವು ಏನೂ ಕೇಳಲಿಲ್ಲವೇ?"

"ಬಾಗಿಲು ಕಂಡಿದ್ರೆ ಕೇಳ್ತಿದ್ದೆ. ಅಲ್ಲಿ ಬಾಗಿಲೇ ಕಾಣಲಿಲ್ಲ ನನಗೆ." ಒಂದು ಸಲವೂ 'ಅದಿರಲಿ' ಎನ್ನದೆ ಅವರು ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಂಗಿಗೆ ಫೋನ್ ಮಾಡಿದರು. ಅವಳ ಖಾತೆ ಕಳುವಾಗಿ ಆಗಲೇ ಕೆಲವು ದಿನಗಳಾಗಿದ್ದವು. "ಯಾರಿಗೆ ಹೇಳಲಿ ಅಣ್ಣ, ನಾಚಿಕೆ ಆಯ್ತು," ಎಂದಳಂತೆ. ಅವಳು ನಾಚಿಕೆಯಿಂದ ಮುಚ್ಚಿಟ್ಟದ್ದು ಅಣ್ಣನನ್ನು ಹಿಡಿಯಿತು. ಅಣ್ಣನ ಹೆಸರಿನ ಮೇಲಿದ್ದ ನಂಬಿಕೆ ಬೀದಿಯನ್ನು ಹಿಡಿಯಿತು. ಇದನ್ನು ತಿಳಿದ ಮೇಲೆ ಅವರು ಮುಚ್ಚಿಡಲಿಲ್ಲ. ಹಲಗೆಯ ಮೇಲಿನ ಕೀಲಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು, ವಾಲುತ್ತ, ಒಂದೊಂದೇ ಮನೆಯ ಬಾಗಿಲು ತಟ್ಟಿದರು. "ಫೋನಿಗೆ ಬರೋ ನಂಬರೇ ಕೀಲಿ. ನಾನು ಕೇಳಿದ್ರೂ ಕೊಡಬೇಡಿ. ಮೊದಲು ಫೋನ್ ಮಾಡಿ, ದನಿ ಕೇಳಿ, ನನಗೆ ಮಾತ್ರ ಗೊತ್ತಿರೋದು ಏನಾದ್ರೂ ಕೇಳಿ. ನಿಮ್ಮ ಖಾತೆಗೆ ಗುಪ್ತಪದದ ಮೇಲೆ ಎರಡನೇ ಬೀಗ ಹಾಕೋದಿದೆಯಂತೆ, ಅದನ್ನೂ ಹಾಕಿಸ್ಕೊಳ್ಳಿ." ಹೀಗೆ ಹೇಳಿ ಆ ಮನೆಯ ಕೀಲಿಯನ್ನು ಅವರ ಕೈಗಿಟ್ಟು ಬರುತ್ತಿದ್ದರು. ಯಾರೂ ಕೀಲಿ ವಾಪಸು ಕೇಳಿರಲಿಲ್ಲ. ಕೆಲವರು ಬೇಡವೆಂದರೂ ಬಿಡಲಿಲ್ಲ, ಬಹಳ ಜನ ಮಾತಿಲ್ಲದೆ ಇಸಿದುಕೊಂಡರು. ದರ್ಜಿ ಹೆಂಗಸು ಮುಖ ನೋಡದೆಯೇ ಇಸಿದುಕೊಂಡಳು. ಅವಳ ಪುಟ ಮರಳಿ ಬರಲೇ ಇಲ್ಲ.

ಬೋಳು ಹಲಗೆಯ ಕೆಳಗೆ ಅವರು ಕೂತಿರುವುದನ್ನು ನೋಡಲು ನನಗೆ ಕಷ್ಟವಾಗುತ್ತಿತ್ತು. ಅಂಗಡಿ ಮುಚ್ಚುವ ಮಾತು ಎರಡು ಸಲ ಆಡಿದ್ದರು. ಆಗ ಒಂದು ಮಧ್ಯಾಹ್ನ ದರ್ಜಿ ಹೆಂಗಸು ಬಂದು ತನ್ನ ಕೀಲಿಯನ್ನು ಮೇಜಿನ ಮೇಲಿಟ್ಟಳು.

"ಇಟ್ಕೊಳ್ಳಿ."

"ಬೇಡಮ್ಮ. ಕಳ್ಳನಿಗೆ ಕೈಯಾರೆ ಕೀಲಿ ಕೊಟ್ಟೋನು ನಾನು."

"ಅದಿರಲಿ," ಎಂದಳು ಅವಳು. "ನನ್ನ ಬಾಗಿಲ ಹಿಂದೆ ಏನಿದೆ?"

ಅವರು ತಲೆಯೆತ್ತಿದರು. "ಅಳತೆ ಟೇಪು. ಪಕ್ಕದಲ್ಲಿ ನಿಮ್ಮ ಅತ್ತೆಯವರ ಫೋಟೋ. ಗಾಜು ಒಡೆದಿದೆ."

"ಗಾಜು ಹಾಕಿಸಿದೀನಿ. ಇನ್ನೊಂದ್ಸಲ ಬಂದಾಗ ನೋಡಿ." ಕೀಲಿಯನ್ನು ತಾನೇ ಕೊಕ್ಕೆಗೆ ಸಿಕ್ಕಿಸಿ ಮೇಲೆ ಹೋದಳು.

ಹಲಗೆ ಇನ್ನೂ ಪೂರ್ತಿ ತುಂಬಿಲ್ಲ, ನನಗೂ ಆ ಬೆಳಗಿನ ದಿಗ್ಭ್ರಮೆ ಇನ್ನೂ ಇಳಿದಿಲ್ಲ. ಆ ಕಳ್ಳನಿಗೆ ಇವರು ಬೀಗದವರೆಂಬುದು ಕೂಡ ತಿಳಿದಿರಲಿಕ್ಕಿಲ್ಲ. ಹೊರಗೆ ನಿಂತಿದ್ದೇನೆಂದರೆ ಯಾರೋ ಒಬ್ಬರು ಎದ್ದು ಬರುತ್ತಾರೆಂಬುದಷ್ಟೇ ಅವನಿಗೆ ಗೊತ್ತಿತ್ತು. ಪರರ ಮನೆ ಕಾಯುವ ಈ ಬಗೆಯ ಜನ ಬಲವನ್ನು, ಅಧಿಕಾರವನ್ನು, ಸಿಹಿಮಾತನ್ನು ಸಂಶಯಿಸಬಲ್ಲರು. ಸಂಕಟದ ದನಿಯನ್ನು ಮಾತ್ರ ಸಂಶಯಿಸಲಾರರು. ಅವರನ್ನು ದೋಚಲು ಬಂದವನು ಬೀಗ ಮುರಿಯುವುದಿಲ್ಲ, ಹೊರಗೆ ನಿಂತು ಅಣ್ಣಾ ಎಂದು ಕರೆಯುತ್ತಾನೆ.